ಕೊಸರು ತಾಯಿಯ ಉಡಿಗೆ

ಅವರ ಬಲಗೈ ಮೇಲೆ ಜೇನುನೊಣಗಳು ಕೂರುತ್ತಿದ್ದವು. ಬೆರಳ ಸಂದಿಯಲ್ಲಿ, ಹೆಬ್ಬೆರಳಿನ ಉಗುರಿನ ಸುತ್ತ, ಅಂಗೈಯ ಗೆರೆಗಳ ಉದ್ದಕ್ಕೂ ಹರಿದಾಡುತ್ತಿದ್ದವು. ಕಾಕಾ ಅವನ್ನು ಓಡಿಸುತ್ತಿರಲಿಲ್ಲ. ಅದೇ ಕೈಯಿಂದ ಬೆಲ್ಲದ ಪೆಂಟೆ ಒಡೆಯುತ್ತಿದ್ದರು, ದಾರಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದರು, ಮಕ್ಕಳ ಗಲ್ಲ ಹಿಂಡುತ್ತಿದ್ದರು. ಅವರು ಗಲ್ಲ ಹಿಂಡಿದ ಮಗುವಿಗೆ ಮನೆ ಮುಟ್ಟುವಷ್ಟರಲ್ಲಿ ಇರುವೆ ಹತ್ತುತ್ತವೆ ಎಂದು ನಮ್ಮ ಅವ್ವ ಬೈಯುತ್ತಿದ್ದಳು. ಜೇನುನೊಣ ಅವರಿಗೆ ಎಂದೂ ಕಚ್ಚಲಿಲ್ಲ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಅವ್ವನಿಗೆ ಓದಿ ಹೇಳಿದರೆ ನಕ್ಕಳು. "ಕಚ್ಚಲಿಲ್ಲಂತ! ಕೈ ಬಾತು ರೊಟ್ಟಿ ಆಗಿದ್ದು ನಾನ ನೋಡೇನಿ. ಆದ್ರೂ ಓಡಸಲಿಲ್ಲ, ಅದು ಮಾತು." ಇಂಥ ಕಡೆ ನನಗಿಂತ ಅವ್ವನನ್ನೇ ನಂಬುವುದು ಒಳ್ಳೆಯದು.

ಬೈಲಹೊಂಗಲದ ನಮ್ಮ ಓಣಿಯ ತಿರುವಿನಲ್ಲಿ ಅವರ ಬೆಲ್ಲದ ಅಂಗಡಿ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಅಂಗಡಿಯ ತೊಲೆಗೆ ಆಳೆತ್ತರದ ಹಳೆಯ ತಕ್ಕಡಿಯೊಂದು ತೂಗಾಡುತ್ತಿತ್ತು. ಅದು ಹರಕೆಯ ತಕ್ಕಡಿ. ಕೂಸು ಹುಟ್ಟಿದರೆ, ಜಡ್ಡು ವಾಸಿಯಾದರೆ ಬೆಲ್ಲದಲ್ಲಿ ತೂಗಿಸುತ್ತೇವೆ ಎಂದು ಹರಕೆ ಹೊತ್ತವರು ಸಂಗೊಳ್ಳಿ, ಚಚಡಿ ಕಡೆಯಿಂದಲೂ ಬರುತ್ತಿದ್ದರು. ದಿನದ ವ್ಯಾಪಾರ ನಡೆಯುತ್ತಿದ್ದದ್ದು ಗಲ್ಲೆಯ ಪಕ್ಕದ ಎಲೆಕ್ಟ್ರಾನಿಕ್ ಕಾಟಾದ ಮೇಲೆ.

ಕಾಟಾ ಯಾವುದಾದರೇನು, ಕಾಕಾನ ಕೈಗೆ ಒಂದು ಚಟ ಇತ್ತು. ತೂಕ ಸರಿಯಾದ ಮೇಲೆ, ಬೆಲ್ಲ ಚೀಲಕ್ಕೆ ಬೀಳುವ ಮುನ್ನ, ಇನ್ನೊಂದು ಚೂರು ತಾನಾಗಿಯೇ ಬೀಳಬೇಕು. ಅದು ಕೊಸರು. ನಮ್ಮಲ್ಲಿ ಕೊಸರು ಕೊಡದ ಅಂಗಡಿಗೆ ಯಾರೂ ಎರಡನೆಯ ಸಲ ಹೋಗುವುದಿಲ್ಲ. ಆದರೆ ಕಾಕಾನದು ವ್ಯಾಪಾರದ ಕೊಸರಾಗಿರಲಿಲ್ಲ. ಮಾತಾಡುತ್ತಿದ್ದರೂ, ಬೇರೆ ಕಡೆ ನೋಡುತ್ತಿದ್ದರೂ ಕೈ ತನ್ನ ಪಾಡಿಗೆ ತಾನು ಹಾಕುತ್ತಿತ್ತು. ಗಿರಾಕಿ ಸೊರಗಿದಂತೆ ಕಂಡರೆ ಚೂರು ದೊಡ್ಡದಾಗುತ್ತಿತ್ತು.

ಕಾಕು ಇದಕ್ಕೆ ತದ್ವಿರುದ್ಧ. ಕಾಟಾದ ಅಂಕಿ ಕೂದಲೆಳೆಯಷ್ಟು ಮೇಲೆ ಹೋದರೂ ಉಗುರಿನಿಂದ ಚಿವುಟಿ ತೆಗೆಯುವ ಹೆಂಗಸು. ಕಾಕು ಗಲ್ಲೆಯ ಮೇಲಿದ್ದರೆ ಗಿರಾಕಿಗಳು ಆ ಕಡೆ ಈ ಕಡೆ ಸುತ್ತಿ ಕಾಕಾ ಬರುವ ತನಕ ಕಾಯುತ್ತಿದ್ದರು.

"ಅಂಗಡಿ ನಡಸಾಕ ಹತ್ತೀರೋ, ದಾಸೋಹ ನಡಸಾಕ ಹತ್ತೀರೋ?" ಎಂದು ಕಾಕು ಕೇಳಿದರೆ ಕಾಕಾ, "ನಾ ಎಲ್ಲಿ ಹಾಕೇನಿ ಬಿಡ. ಕೈ ಹಾಕೇತಿ, ಅದನ್ನ ಕೇಳು" ಎನ್ನುತ್ತಿದ್ದರು.

ನಾನು ಹೆರಿಗೆಗೆಂದು ತವರಿಗೆ ಬಂದವಳು ಅಲ್ಲೇ ಉಳಿದೆ. ನನ್ನವರ ಕೆಲಸ ಕಿತ್ತೂರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿಬರುವುದು. ಮಗಳು ತೂಕ ಕಡಿಮೆಯಾಗಿ ಹುಟ್ಟಿದ್ದಳು. ಧಾರವಾಡದಲ್ಲಿ ಎಂ.ಎ. ಓದಿ, ದಾಖಲೆಯಿಲ್ಲದೆ ಯಾವುದನ್ನೂ ನಂಬಬಾರದು ಎಂದು ಕಲಿತಿದ್ದ ನಾನು, ನನ್ನದೇ ಮಗುವನ್ನು ಅಂಗನವಾಡಿಗೆ ತೂಗಿಸಲು ಒಯ್ಯಲು ಹೆದರುತ್ತಿದ್ದೆ. ನಾನೊಬ್ಬಳೇ ಅಲ್ಲ. ಓಣಿಯ ತಾಯಂದಿರು ಯಾರೂ ಹೋಗುತ್ತಿರಲಿಲ್ಲ. ಎಳೆ ಕೂಸನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂಬುದು ಒಂದು. ಅಂಗನವಾಡಿಯ ಕಾಟಾ ಕೊಕ್ಕೆಯದು, ಮಗುವನ್ನು ಚೀಲದಲ್ಲಿ ಹಾಕಿ ನೇತು ಹಾಕಬೇಕು ಎಂಬುದು ಇನ್ನೊಂದು.

"ಕೊಕ್ಕಿಗೆ ತೂಗ್ಹಾಕಾಕ ನಮ್ಮ ಕೂಸೇನ ಮಟನ್ ಏನ್ರಿ ಅಕ್ಕೋರ?" ಎಂದು ಟಂಟಂ ಗಾಡಿಯ ದಸ್ತಗೀರನ ಹೆಂಡತಿ ಮುಖಕ್ಕೆ ಹೊಡೆದಂತೆ ಹೇಳಿದ್ದಳಂತೆ.

ಅಕ್ಕೋರು ಎಂದರೆ ನಮ್ಮ ಅಂಗನವಾಡಿಯ ಕಾರ್ಯಕರ್ತೆ. ಪಾಪ, ಅವರು ಮನೆಮನೆ ತಿರುಗಿ ತಿರುಗಿ ಸಾಕಾಗಿದ್ದರು. ಒಂದು ದಿನ ಮನೆಗೆ ಬೆಲ್ಲ ಒಯ್ಯಲು ಕಾಕಾನ ಅಂಗಡಿಗೆ ಬಂದರು. ಆಗ ಸಂಗೊಳ್ಳಿಯ ಒಂದು ಕುಟುಂಬ ಹರಕೆ ತೀರಿಸುತ್ತಿತ್ತು. ತಕ್ಕಡಿಯ ಒಂದು ಪರಡಿಯಲ್ಲಿ ಕೂಸು, ಇನ್ನೊಂದರಲ್ಲಿ ಬೆಲ್ಲ. ಕೂಸಿನ ಅಜ್ಜಿ ಚಪ್ಪಾಳೆ ತಟ್ಟುತ್ತಿದ್ದಾಳೆ, ತಾಯಿ ನಗುತ್ತಿದ್ದಾಳೆ, ದೃಷ್ಟಿಯ ಮಾತೇ ಇಲ್ಲ! ಈ ಗಳಿಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ಆಗ ಅಲ್ಲಿದ್ದೆನೋ, ಅಕ್ಕೋರು ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಆಯಿತೋ, ಖಾತ್ರಿಯಿಲ್ಲ. ಮಾತು ಮಾತ್ರ ಇದೇ:

"ಕಾಕಾ, ಕೂಸು ಇಳೀತಲ್ಲ. ಈಗ ಆ ಬೆಲ್ಲ ಕಾಟಾದ ಮ್ಯಾಲ ಇಡ್ರಿ ನೋಡೂಣು."

"ಯಾಕ್ರಿ ಅಕ್ಕೋರ? ಹರಕಿ ಬೆಲ್ಲ ಅದು."

"ಬೆಲ್ಲದ ತೂಕ ಗೊತ್ತಾದ್ರ ಕೂಸಿನ ತೂಕ ಗೊತ್ತಾತಲ್ರಿ. ಕೂಸಿಗೆ ಯಾರೂ ತೂಗಲಿಲ್ಲ. ಬೆಲ್ಲ ತೂಗಿದ್ವಿ."

ಕಾಕಾ ಒಳಗೆ ಮುಖ ಮಾಡಿ ಕೂಗಿದರಂತೆ. "ಏ, ಕೇಳಿದೆನ? ಬೆಲ್ಲ ತೂಗಿದ್ರ ಬೆಲ್ಲಕ್ಕ ದೃಷ್ಟಿ ಆಗತೈತಿ! ಆಗವಲ್ದ್ಯಾಕ!"

ಅಲ್ಲಿಂದ ಶುರುವಾಯಿತು ನೋಡಿ. ಅಮಾವಾಸ್ಯೆ ಮುಗಿದ ಮೊದಲ ಸೋಮವಾರ ಓಣಿಯ ಕೂಸುಗಳಿಗೆಲ್ಲ ಬೆಲ್ಲದ ತೂಕ. ತೂಗಿದ ಬೆಲ್ಲವೆಲ್ಲ ಅಂಗನವಾಡಿಗೆ. ಮಹಿಳಾ ಸಂಘದವರು ಶೇಂಗಾ ಹುರಿದು ಆ ಬೆಲ್ಲದಲ್ಲಿ ಉಂಡೆ ಕಟ್ಟುವುದು, ಮಕ್ಕಳಿಗೂ ಬಸುರಿಯರಿಗೂ ಹಂಚುವುದು. ಬೆಲ್ಲ ಕಾಕಾನದು. ಆದರೆ ಎರಡನೆಯ ತಿಂಗಳಿಗೇ ಸಂಗೊಳ್ಳಿಯ ಗಾಣದ ಮನೆಯವರು, ತಮ್ಮ ಪೆಂಟೆಗಳೂ ಇರಲಿ ಎಂದು ಗಾಡಿಯಲ್ಲಿ ಕಳಿಸಿದರು. ಸವದತ್ತಿ ಕಡೆಯ ಒಬ್ಬ ವ್ಯಾಪಾರಿ ಶೇಂಗಾ ಕಳಿಸಿದ. ಹಿಂದಿನ ಸಂಜೆ ಗುಡಿಯ ಮೈಕಿನಲ್ಲೂ ಮಸೀದಿಯ ಮೈಕಿನಲ್ಲೂ ಒಂದೇ ಮಾತು: ನಾಳೆ ಬೆಲ್ಲದ ಸೋಮವಾರ. ದಸ್ತಗೀರ ಬೆಳಗಿನ ಒಂದು ಟ್ರಿಪ್ ಬಿಟ್ಟು, ಊರ ಹೊರಗಿನ ತೋಟದ ಮನೆಗಳಿಂದ ತಾಯಂದಿರನ್ನು ಟಂಟಂನಲ್ಲಿ ತುಂಬಿಕೊಂಡು ಬರುತ್ತಿದ್ದ.

ಮಜಾ ಇದ್ದದ್ದು ಇದರಲ್ಲಿ: ಕೂಸು ಭಾರವಾದಷ್ಟೂ ಉಂಡೆ ಹೆಚ್ಚು. ಹಾಗಾಗಿ ಪಕ್ಕದ ಮನೆಯ ಕೂಸು ದಪ್ಪಗಾಗಲಿ ಎಂದು ಎಲ್ಲರೂ ಬಯಸತೊಡಗಿದರು! ದೃಷ್ಟಿ ಹಾಕುವ ಕಣ್ಣುಗಳೇ ಈಗ, "ಏನವಾ, ಕೂಸು ಯಾಕ ಸಪ್ಪಗ ಐತಿ? ಹಾಲು ಕುಡಿಯಾಕ ಹತ್ತೇತಿಲ್ಲೋ?" ಎಂದು ವಿಚಾರಿಸುತ್ತಿದ್ದವು. ದಸ್ತಗೀರನ ಮಗ ಎಲ್ಲರಿಗಿಂತ ಭಾರ. ಅವನನ್ನು ಪರಡಿಯಲ್ಲಿ ಕೂರಿಸಿದರೆ ತೊಲೆ ಕಿರ್ ಎನ್ನುತ್ತಿತ್ತು. "ಬಂದಾ ನೋಡ್ರಿ ಪೈಲ್ವಾನ! ಇಂವ ಒಬ್ಬನ ಸಾಕು, ನನ್ನ ಅಂಗಡಿಗೆ ಕೀಲಿ ಹಾಕಸಾಕ" ಎಂದು ಕಾಕಾ ಹಣೆ ಬಡಿದುಕೊಂಡರೆ ದಸ್ತಗೀರ ಮೀಸೆ ತಿರುವುತ್ತಿದ್ದ.

ನನ್ನ ಮಗಳ ಪಾಳಿ ಬಂದಾಗ ಮಾತ್ರ ಕಾಕಾನ ದನಿ ಮೆತ್ತಗಾಗುತ್ತಿತ್ತು. "ಬಾರವಾ ನನ್ನ ಗುಬ್ಬಿ" ಎಂದು ತಾವೇ ಎತ್ತಿ ಕೂರಿಸುತ್ತಿದ್ದರು. ಪರಡಿ ಸಮ ನಿಂತ ಮೇಲೆ ಬೆಲ್ಲವನ್ನು ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಕಾಟಾದ ಮೇಲಿಡುತ್ತಿದ್ದರು. ಅಕ್ಕೋರು ಅಂಕಿ ಓದಿ, "ಪರವಾಗಿಲ್ರಿ, ಹೋದ ತಿಂಗಳಕಿಂತ ಮ್ಯಾಲ ಐತಿ" ಎಂದರೆ ನನಗೆ ಕಣ್ಣು ತುಂಬುತ್ತಿತ್ತು. ಮಗಳ ಕೈಕಾಲು ಕಡ್ಡಿಯಂತೆ ಕಾಣುತ್ತಿದ್ದವು, ಆಗಾಗ ಭೇದಿ ಇರುತ್ತಿತ್ತು. ಆದರೂ ತೂಕ ಏರುತ್ತಿದೆಯಲ್ಲ! ಅಂಕಿಯೇ ಹೇಳಿದ ಮೇಲೆ ಕಣ್ಣಿನ ಮಾತನ್ನು ಯಾಕೆ ಕೇಳಬೇಕು?

ಹೀಗಿರುವಾಗ ಒಂದು ತಿಂಗಳು ಕಾಕಾ ರಾಮದುರ್ಗದ ಕಡೆ, ಸುರೇಬಾನದಲ್ಲಿ ತಂಗಿಯ ಮೊಮ್ಮಗನ ಮದುವೆಗೆ ಹೋದರು. ಬೆಲ್ಲದ ಸೋಮವಾರ ತಪ್ಪಿಸಬಾರದು ಎಂದು ಕಾಕುವಿಗೆ ಹೇಳಿ ಹೋಗಿದ್ದರು. ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ತಕ್ಕಡಿಯ ಮುಂದೆ ನಿಂತರು. ಪರಡಿ ಸಮ ನಿಂತಿತೋ, ಬೆಲ್ಲ ಬುಟ್ಟಿಗೆ, ಬುಟ್ಟಿ ಕಾಟಾಕ್ಕೆ. ಮೊದಲ ಕೂಸು, ತೂಕ ಕಡಿಮೆ. ಎರಡನೆಯದು, ಅದೂ ಕಡಿಮೆ. ನನ್ನ ಮಗಳದಂತೂ ಧೊಪ್ಪೆಂದು ಕೆಳಗಿಳಿದಿತ್ತು.

ಅಕ್ಕೋರು ಬುಟ್ಟಿಯನ್ನು ತೆಗೆದು ಮತ್ತೆ ಇಟ್ಟು ನೋಡಿದರು. ಅದೇ ಅಂಕಿ.

ದಸ್ತಗೀರ ಬಾಗಿಲಿಗೊರಗಿ ನಿಂತಿದ್ದ. "ಏನ ಕಾಕು, ಕೂಸಿನ ತೂಕದಾಗೂ ಹೊಡೀತೀರೇನ್ರಿ?"

ಎಲ್ಲರೂ ಘೊಳ್ಳೆಂದು ನಕ್ಕರು. ಕಾಕು ಕೆಂಪಾದರು. "ಏ ದಸ್ತಗೀರ, ಬಾಯಿ ಸಂಭಾಳಿಸು! ಈ ಬೆಲ್ಲದಾಣಿ, ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮಿಲ್ಲ. ನಂದು ಖರೇ ತೂಕ!"

"ಖರೇ ಅಂದ್ರ ಇಷ್ಟೂ ಕೂಸು ಒಂದ ತಿಂಗಳದಾಗ ಸೊರಗಿದ್ವೇನ್ರಿ?" ಎಂದರು ಅಕ್ಕೋರು. "ದಸ್ತಗೀರನ ಮಗಂದು ಮಾತ್ರ ಅಷ್ಟ ಐತಿ. ಸಣ್ಣ ಸಣ್ಣವು ಬಾಳ ಇಳದಾವು."

ಕಾಕು ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ ಪರಡಿಯಿಂದ ಬುಟ್ಟಿಗೆ ಬೆಲ್ಲ ಹಾಕುವಂತೆ ಗಾಳಿಯಲ್ಲಿ ಕೈ ಆಡಿಸಿದರು. ಕೊನೆಯಲ್ಲಿ ಬೆರಳು ಬಿಚ್ಚಿ ಏನೋ ಉದುರಿಸಿದಂತೆ ಮಾಡಿದರು. ಅದು ಕಾಕಾನ ಕೈ. ಓಣಿಯಲ್ಲಿ ಎಲ್ಲರಿಗೂ ಗುರುತಿದ್ದ ಕೈ.

"ಅಯ್ಯ ಶಿವನ," ಎಂದರು ಕಾಕು. "ಇವರು ಕೊಸರು ಹಾಕ್ಯಾರ."

ತಿಂಗಳುಗಟ್ಟಲೆ ಎಲ್ಲರ ಕಣ್ಣೆದುರಿಗೇ ಬಿದ್ದ ಚೂರುಗಳು ಅವು. ಯಾರಿಗೂ ಕಂಡಿರಲಿಲ್ಲ. ಕೊಸರು ಹಾಕಿದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಹಾಕದಿದ್ದರೆ ಮಾತ್ರ ಕಾಣುತ್ತದೆ. ಸೊರಗಿದ ಕೂಸಿಗೆ ದೊಡ್ಡ ಚೂರು. ನನ್ನ ಗುಬ್ಬಿಯಂಥ ಮಗಳಿಗೆ ಎಲ್ಲಕ್ಕಿಂತ ದೊಡ್ಡದು. ಅವಳು ತಿಂಗಳಿಂದ ತಿಂಗಳಿಗೆ ಕರಗುತ್ತಿದ್ದಳು, ಕಾಕಾನ ಕರುಣೆ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿತ್ತು. ನಾವು ಓದಿದ ಅಂಕಿ ಎರಡೂ ಕೂಡಿದ್ದು.

ಅಕ್ಕೋರು ನನ್ನ ಕಡೆ ತಿರುಗಿದರು. "ಈಗಿಂದೀಗ ದವಾಖಾನಿಗೆ ನಡೀರಿ."

ನಕ್ಕಿದ್ದ ದಸ್ತಗೀರನೇ ಟಂಟಂ ಚಾಲೂ ಮಾಡಿದ. ತೋಟದ ಮನೆಯ ತಾಯಂದಿರು ತಾವಾಗಿ ಕೆಳಗಿಳಿದು ನಮಗೆ ಜಾಗ ಬಿಟ್ಟರು. ದಾರಿಯುದ್ದಕ್ಕೂ ನಾನು ಮಗಳ ಮುಂಗೈ ಹಿಡಿದುಕೊಂಡೇ ಇದ್ದೆ. ಅದು ಎಷ್ಟು ಸಣ್ಣದಿತ್ತು ಎಂಬುದು ನನ್ನ ಬೆರಳಿಗೆ ಈಗಲೂ ನೆನಪಿದೆ. ಈ ಒಂದು ನೆನಪನ್ನು ನಾನು ಸಂಶಯಿಸುವುದಿಲ್ಲ.

ತಾಲೂಕು ಆಸ್ಪತ್ರೆಯಲ್ಲಿ ನಮ್ಮನ್ನು ಉಳಿಸಿಕೊಂಡರು. ಹೊಟ್ಟೆಯಲ್ಲಿ ಸೋಂಕು, ಒಳಗೊಳಗೇ ಬೆಳೆದಿತ್ತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರ್ ಬಾಯಿಯವರು ಹೇಳಿದರು. ಮಗಳನ್ನು ನೋಡಿದ ಮೇಲೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಕೂಸಿನ ಮಾತು ಆಮ್ಯಾಲ. ಮೊದಲು ನೀವು ಏನ ಉಣ್ಣತೀರಿ ಹೇಳ್ರಿ." ಬಾಣಂತಿ ಪಥ್ಯ ಎಂದು ಅವ್ವ ಕಾಯಿಪಲ್ಲೆ, ತಪ್ಪಲುಪಲ್ಲೆ ಎಲ್ಲ ಬಿಡಿಸಿದ್ದಳು. ನನ್ನ ಮೈಯಲ್ಲಿ ರಕ್ತವೇ ಇರಲಿಲ್ಲ.

ಸುದ್ದಿ ಮುಟ್ಟಿ, ಕಾಕಾ ಸುರೇಬಾನದಿಂದ ನೆಟ್ಟಗೆ ಆಸ್ಪತ್ರೆಗೇ ಬಂದರು. ಮದುವೆಯ ರುಮಾಲು ಇನ್ನೂ ತಲೆಯ ಮೇಲಿತ್ತು. ಒಳಗೆ ಬರಲಿಲ್ಲ, ವಾರ್ಡಿನ ಬಾಗಿಲಲ್ಲೇ ನಿಂತರು. ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಿದ್ದರು.

ಅವ್ವನಿಗೆ ತಡೆಯಲಾಗಲಿಲ್ಲ. "ನಿಮ್ಮ ಪ್ರೀತಿ ನಮ್ಮ ಕೂಸಿನ ಜೀವಕ್ಕ ಬಂದಿತ್ತಲ್ರಿ!"

"ಹೌದವಾ," ಎಂದರು ಕಾಕಾ. ಅಷ್ಟೇ. ಕೈಯ ಮೇಲೆ ತಪ್ಪು ಹಾಕಲಿಲ್ಲ. ಆಮೇಲೆ ನನ್ನನ್ನು ಕೇಳಿದರು, "ತಂಗಿ, ಕೂಸಿಗೆ ಆರಾಮಾದ ಮ್ಯಾಲ ನನ್ನ ತಕ್ಕಡಿಗೆ ತರ್ತೀ ಇಲ್ಲೋ?"

ನಾನು ಏನು ಹೇಳಿದೆನೋ ನೆನಪಿಲ್ಲ. ಏನೂ ಹೇಳಲಿಲ್ಲ ಎಂದು ಅವ್ವ ಹೇಳುತ್ತಾಳೆ. ತಲೆಯಾಡಿಸಿದೆ ಎಂದು ಅಕ್ಕೋರು ಹೇಳುತ್ತಾರೆ.

ಆದರೆ ಒಯ್ದೆ! ಆ ಸೋಮವಾರವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇನ್ನು ಯಾರೂ ಬರುವುದಿಲ್ಲ, ಬೆಲ್ಲದ ಸೋಮವಾರ ಮುಗಿಯಿತು ಎಂದು ಅಕ್ಕೋರು ಅಂದುಕೊಂಡಿದ್ದರಂತೆ. ಹೋಗಿ ನೋಡಿದರೆ ಓಣಿ ತುಂಬ ಜನ. ಕಾಕಾ ಗಾದಿಯ ಮೇಲೆ ಕೂತಿದ್ದರು. ಸುಮ್ಮನೆ ಕೂತಿರಲಿಲ್ಲ, ತಮ್ಮ ಬಲಗೈ ಮೇಲೆ ಕೂತಿದ್ದರು! ತೊಡೆಯ ಕೆಳಗೆ ಕೈ ಒತ್ತಿಟ್ಟುಕೊಂಡು, ಸಾಲಿಯಲ್ಲಿ ಮಾಸ್ತರರ ಶಿಕ್ಷೆ ಅನುಭವಿಸುವ ಹುಡುಗನಂತೆ.

"ಎದ್ದರ ನೋಡ್ರಿ ಮತ್ತ!" ಎಂದು ಕಾಕು ಬೆರಳು ತೋರಿಸಿ ಬೆಲ್ಲದ ಮುಂದೆ ನಿಂತರು.

ಮಗಳನ್ನು ಪರಡಿಯಲ್ಲಿ ಕೂರಿಸಿದೆ. ಕಾಕು ಹಿಂದಿನ ಸಲದಷ್ಟೇ ಬೆಲ್ಲವನ್ನು ಇನ್ನೊಂದು ಪರಡಿಯಲ್ಲಿ ಇಟ್ಟರು. ಮಗಳಿದ್ದ ಪರಡಿ ಏಳಲೇ ಇಲ್ಲ. ನೆಲಕ್ಕೆ ಅಂಟಿ ಕೂತಿತ್ತು. ಕಾಕು ಒಂದು ತುಂಡು ಇಟ್ಟರು. ಏಳಲಿಲ್ಲ. ಇನ್ನೊಂದು ಇಟ್ಟರು. ಏಳಲಿಲ್ಲ!

"ಹಾಕ! ಇನ್ನೂ ಹಾಕ!" ಕಾಕಾ ಕೂತಲ್ಲೇ ಕುಣಿಯುತ್ತಿದ್ದರು. "ಜಿಪುಣತನ ಮಾಡಬ್ಯಾಡ, ಹಾಕ!"

"ಹಾಕೇ ಹಾಕ್ತೇನಿ, ಸುಮ್ನ ಕುಂದರ್ರಿ! ಕೈ ಹೊರಗ ಬರಾಕ ಹತ್ತೇತಿ ನೋಡ್ರಿ!"

"ಕಾಕಾನ ಕೈಗೆ ಹಗ್ಗ ತರ್ಲ್ಯಾ?" ಎಂದ ದಸ್ತಗೀರ. ಜನ ನಕ್ಕು ನಕ್ಕು ಸುಸ್ತಾದರು. ಕೊನೆಗೆ ಪರಡಿ ಮೆಲ್ಲಗೆ ಎದ್ದು ತೂಗಾಡಿ ಸಮ ನಿಂತಿತು. ಬೆಲ್ಲ ಬುಟ್ಟಿಗೆ, ಬುಟ್ಟಿ ಕಾಟಾಕ್ಕೆ. ಒಂದು ಹರಳು ಹೆಚ್ಚಿಲ್ಲದ ಅಂಕಿಯನ್ನು ಅಕ್ಕೋರು ಓದಿದಾಗ ನನ್ನ ಅವ್ವ, ಆಸ್ಪತ್ರೆಯಲ್ಲಿ ಕಾಕಾನಿಗೆ ಅಂದಿದ್ದ ಅವ್ವ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆಗ ಕಾಕಾ ಎದ್ದರು. ಕೈ ಬಿಡಿಸಿಕೊಂಡು ಕೊಡವಿದರು. ಒಂದು ಒಳ್ಳೆಯ ಬೆಲ್ಲದ ತುಂಡು ಆರಿಸಿಕೊಂಡು ಕಾಟಾವನ್ನೂ ತಕ್ಕಡಿಯನ್ನೂ ದಾಟಿ ನನ್ನ ಮುಂದೆ ಬಂದು ನಿಂತರು.

"ತಂಗಿ, ಉಡಿ ಒಡ್ಡು."

ಮುತ್ತೈದೆಗೆ ಉಡಿ ತುಂಬುವುದು ಹೆಂಗಸರ ಕೆಲಸ. ಎಲ್ಲರೂ ಮುಖ ಮುಖ ನೋಡಿಕೊಂಡರು. ನಾನು ಸೆರಗು ಒಡ್ಡಿದೆ.

"ಕೈ ಅಂತೂ ಕೇಳೂದಿಲ್ಲ," ಎಂದರು ಕಾಕಾ. "ಅದಕ್ಕ ದಾರಿ ತೋರಸೇನಿ. ತೂಕ ಕೂಸಿಂದು. ಕೊಸರು ತಾಯಿ ಉಡಿಗಿ."

ಅವತ್ತಿನಿಂದ ಅದೇ ನಿಯಮ. ಕೂಸು ತೂಗಿಸಿದ ತಾಯಿ ಬರಿ ಉಡಿಯಲ್ಲಿ ಮನೆಗೆ ಹೋಗಬಾರದು. ಬೆಲ್ಲ, ಶೇಂಗಾ, ಮೆಂತ್ಯೆ ಸೊಪ್ಪಿನ ಸಿವುಡು. ದಸ್ತಗೀರನ ಹೆಂಡತಿ, ಮಟನ್ ಮಾತು ಆಡಿದವಳೇ, ತನ್ನ ಮನೆಯ ತತ್ತಿ ತರತೊಡಗಿದಳು. ತಿನ್ನುವವರಿಗೆ ತತ್ತಿ, ತಿನ್ನದವರಿಗೆ ಇನ್ನೊಂದು ಹಿಡಿ ಶೇಂಗಾ. ಬುರ್ಖಾ ತೊಟ್ಟವರು ದುಪಟ್ಟಾ ಒಡ್ಡುತ್ತಿದ್ದರು. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ, ತನಗೆ ಉಡಿ ತುಂಬಬಾರದು ಎಂದು ಹಿಂದೆ ಸರಿದಾಗ ಕಾಕಾ, "ಕೂಸು ಹಾಲು ಕುಡಿಯೂದು ನಿನ್ನ ಕಡೆ, ಕುಂಕುಮದ ಕಡೆ ಅಲ್ಲವಾ. ಒಡ್ಡು" ಎಂದರು. ಅವಳು ಒಡ್ಡಿದಳು. ಚಚಡಿಯವರು ಬಂದು ನೋಡಿಕೊಂಡು ಹೋಗಿ ತಮ್ಮೂರಲ್ಲಿ ಜೋಳದ ತೂಕ ಶುರು ಮಾಡಿದರು. ಸುರೇಬಾನದಿಂದ ಕಾಕಾನ ತಂಗಿ ಫೋನು ಮಾಡಿ ವಿಚಾರಿಸಿದಾಗ ಅವರು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದರು, "ಎಲ್ಲಾ ಮಾಡ್ರಿ. ಆದ್ರ ತೂಗಾಕ ಮಾತ್ರ ಒಬ್ಬಾಕಿ ಜಿಪುಣೀನ್ನ ಇಟಗೊಳ್ರಿ!" ಒಳಗಿನಿಂದ ಕಾಕು, "ಕೇಳಿಸ್ತು!" ಎಂದರು.

ಹೋದ ವರ್ಷ ಕಾಕಾ ತೀರಿಕೊಂಡರು. ಜಡ್ಡಿಲ್ಲ, ನರಳಿಕೆಯಿಲ್ಲ. ಮಧ್ಯಾಹ್ನ ಗಾದಿಗೆ ಒರಗಿದವರು ಏಳಲಿಲ್ಲ. ನಾನು ಹೋದಾಗ ಅವರ ಕೈ ತೊಳೆದು ಎದೆಯ ಮೇಲಿಟ್ಟಿದ್ದರು. ಅಷ್ಟು ಸ್ವಚ್ಛವಾದ ಆ ಕೈಯನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಮುಂದಿನ ಬೆಲ್ಲದ ಸೋಮವಾರ ಕಾಕು ಎಂದಿನಂತೆ ತಕ್ಕಡಿಯ ಮುಂದೆ ನಿಂತರು. ಖರೇ ತೂಕ, ಉಗುರಿನಿಂದ ಚಿವುಟಿದ ತೂಕ. ಮೊದಲ ಕೂಸು ಇಳಿಯಿತು. ಅದರ ತಾಯಿ ಉಡಿ ಒಡ್ಡಬೇಕೋ ಬೇಡವೋ ತಿಳಿಯದೆ ನಿಂತಳು. ಕಾಕು ಒಂದು ತುಂಡು ಬೆಲ್ಲ ಹಾಕಿದರು. ತಾಯಿ ಸೆರಗು ಮಡಚುವಷ್ಟರಲ್ಲಿ, "ನಿಂದ್ರ, ಅದು ಅವರದು" ಎಂದು ಇನ್ನೊಂದು ತುಂಡು ಹಾಕಿದರು. "ಇದು ನಂದು."

ನನ್ನ ಮಗಳನ್ನು ಈಗ ಪರಡಿಯಲ್ಲಿ ಕೂರಿಸಲು ಆಗುವುದಿಲ್ಲ. ಸಾಲಿಗೆ ಹೋಗುತ್ತಾಳೆ, ನಿಂತಲ್ಲಿ ನಿಲ್ಲುವುದಿಲ್ಲ. ಇದನ್ನೆಲ್ಲ ಬರೆದ ಮೇಲೆ ನನ್ನ ಕೈಯ ಮೇಲೂ ನನಗೆ ಗುಮಾನಿ ಬಂದಿದೆ. ಜನ ಅಷ್ಟೊಂದು ನಕ್ಕರೇ? ಕಾಕಾ ಕೂತಲ್ಲಿ ಅಷ್ಟು ಕುಣಿದರೇ? ಪ್ರೀತಿಯಿಂದ ನೆನೆಯುವಾಗ ಒಂದೊಂದು ಚೂರು ತಾನಾಗಿ ಬಿದ್ದಿರಬಹುದು. ಹಾಗಾಗಿ ಅವರದೇ ನಿಯಮದಂತೆ ಬೇರೆ ಮಾಡಿ ಇಡುತ್ತೇನೆ. ತೂಕಕ್ಕೆ ಸಿಗುವ ಮಾತು ಇಷ್ಟೇ: ಮಗಳು ಬದುಕಿದ್ದಾಳೆ, ಈಗ ಅಂಗಳದಲ್ಲಿ ಆಡುತ್ತಿದ್ದಾಳೆ, ಅವಳ ದನಿ ಇಲ್ಲಿಗೆ ಕೇಳುತ್ತಿದೆ. ಉಳಿದದ್ದು ಕೊಸರು. ಉಡಿ ಒಡ್ಡಿ.